ಆಪರೇಷನ್ ಮೇಜಿನ ಮೇಲೊಂದು ರೊಟ್ಟಿ

ಕೈ ನಡುಗುವ ರೋಗ ಬಂದ ಮೇಲೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದಳು. ಶಹಾಪುರದ ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ನನ್ನ ರೊಟ್ಟಿ ಸೊಟ್ಟ ಎಂದು ಅವಳು ಹೆಸರಿಡದ ದಿನವಿರಲಿಲ್ಲ.

ಹೈದರಾಬಾದಿನ ಆಸ್ಪತ್ರೆಯಲ್ಲಿ ರೋಬೋಟಿನ ತೋಳು ಕೂದಲೆಳೆಯಷ್ಟೂ ತಪ್ಪದೆ ಅವಳ ಮಿದುಳಿನೊಳಕ್ಕೆ, ನಡುಕ ನಿಲ್ಲಿಸುವ ಸಣ್ಣ ತಂತಿಯೊಂದಕ್ಕೆ ದಾರಿ ತೋರಿಸಿತು. ಅವ್ವ ಎಚ್ಚರವಾಗಿಯೇ ಇದ್ದಳು. ತಂತಿಗೆ ಕರೆಂಟ್ ಕೊಟ್ಟ ವೈದ್ಯರು, ಕೈಯಿಂದ ಏನಾದರೂ ಮಾಡಿ ತೋರಿಸಿ ಎಂದರಂತೆ. ಅವ್ವ ಮಲಗಿದಲ್ಲೇ ಗಾಳಿಯಲ್ಲಿ ಪಟಪಟನೆ ರೊಟ್ಟಿ ಬಡಿದಳಂತೆ. ಕೈ ನಡುಗಲಿಲ್ಲ!

ಗಾಯ ಮಾಯ್ದದ್ದೇ ತಡ, ಒಲೆಯ ಮುಂದೆ ಕೂತಳು. ಅಪ್ಪ ಆಗಲೇ ತಾಟು ಹಿಡಿದು ಕಾದಿದ್ದ. ಅವ್ವನ ರೊಟ್ಟಿ ಗುಂಡಗೆ ಉಬ್ಬಿತು. ಬುಟ್ಟಿಯಲ್ಲಿದ್ದ ನನ್ನ ಸೊಟ್ಟ ರೊಟ್ಟಿಯನ್ನು ಎತ್ತಿ ನೋಡಿ ಅವಳೆಂದಳು: "ನಿನಗೂ ಒಮ್ಮಿ ಆ ಮಷೀನ್ ಹಚ್ಚಿಸಬೇಕು ನೋಡು."