ನೆಲತೆಂಗಿನ ಬೇರೆ ಮನೆ

ಮದುವೆಯಾಗಿ ಬೆಳಗಾವಿಯ ಅನಂತಶಯನ ಗಲ್ಲಿಯ ಆ ಮನೆಗೆ ಕಾಲಿಟ್ಟ ಮರುದಿನವೇ ನಾನು ಬೈಸಿಕೊಂಡೆ. ಬೆಳಗ್ಗೆ ಎದ್ದು ಗಾದಿ ಎತ್ತಿ ಜಾಡಿಸಿದ್ದೇ ತಪ್ಪಾಯಿತು. ಅದರ ಕೆಳಗೆ ಹಾಸಿದ್ದ ರದ್ದಿ ಕಾಗದಗಳೊಳಗಿಂದ ಏನೇನೋ ಒಣ ಎಲೆಗಳು ಉದುರಿದವು. ಕಸವೆಂದು ಗುಡಿಸಿ ಹಿತ್ತಲಿನ ತಿಪ್ಪೆಗೆ ಚೆಲ್ಲಿದೆ. ಶಾಲೆಗೆ ಹೊರಟಿದ್ದ ಭಾವ ರುಮಾಲು ಸುತ್ತುವುದನ್ನು ಅರ್ಧಕ್ಕೇ ಬಿಟ್ಟು ಹಿತ್ತಲಿಗೆ ಓಡಿದರು. ಬೈದವರು ಅವರಲ್ಲ, ಅತ್ತೆ. ಭಾವ ತಿಪ್ಪೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಎಲೆ ಆರಿಸುತ್ತ, "ಇರಲಿ ಬಿಡವ್ವಾ, ಆಕಿಗೇನ ಗೊತ್ತು" ಎಂದಷ್ಟೇ ಅಂದರು.

ಅವರು ಮಾರ್ತಾಂಡರಾಯರು, ನನ್ನ ಯಜಮಾನರಾದ ಪಂಢರಿನಾಥರ ಅಣ್ಣ. ಮುಲ್ಕಿ ಪರೀಕ್ಷೆ ಪಾಸಾಗಿ ಊರಲ್ಲೇ ಕನ್ನಡ ಸಾಲಿ ಮಾಸ್ತರರಾದವರು. ಕಾಲೇಜಿನ ಮೆಟ್ಟಿಲು ತುಳಿದವರಲ್ಲ. ಇಂಗ್ಲಿಷನ್ನು ಹೆಣಗಾಡಿ ಕಲಿತದ್ದು ಗಿಡಗಳ ಪುಸ್ತಕ ಓದಲಿಕ್ಕಾಗಿ. ಗಾದಿಗಳ ಕೆಳಗೆ ಎಲೆ ಒತ್ತಿ ಒಣಗಿಸಿಡುವುದು ಅವರ ರೂಢಿ. ಗಲ್ಲಿಯ ಜನ ಅವರನ್ನು 'ಹುಲ್ಲು ಮಾಸ್ತರ' ಎನ್ನುತ್ತಿದ್ದರು. ಎದುರಿಗೇ ಅಂದರೂ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡುತ್ತಿದ್ದೆ.

ಹುಲ್ಲೆಂದರೆ ಹುಲ್ಲಲ್ಲ, ಅವರ ಹುಚ್ಚು ಗಡ್ಡೆಯ ಗಿಡಗಳ ಮೇಲೆ. ನಮ್ಮ ಹಾಗೆಯೇ ಗಿಡಗಳಿಗೂ ಮನೆತನ ಇರುತ್ತದಂತೆ. ಹೂವಿನ ಒಳಗೆ ಬೀಜ ಕಟ್ಟುವ ಒಂದು ಪುಟ್ಟ ಚೀಲ ಇರುತ್ತದೆ. ಆ ಚೀಲ ಪಕಳೆಗಳ ಮೇಲೆ ಕುಳಿತಿದ್ದರೆ ಅದು ಉಳ್ಳಾಗಡ್ಡಿಯ ಮನೆತನ. ಪಕಳೆಗಳ ಕೆಳಗೆ ಇದ್ದರೆ ಸುದರ್ಶನ ಗಡ್ಡೆಯ ಮನೆತನ. ಇದನ್ನು ನನಗೆ ತೋರಿಸಿಕೊಡಲು ಉಳ್ಳಾಗಡ್ಡಿಯ ಹೂಗೊಂಚಲನ್ನೇ ಮನೆಯೊಳಗೆ ತಂದು, ನಮ್ಮ ಮಡಿ ಅತ್ತೆಯಿಂದ ಮೂರು ಹೊತ್ತೂ ಮಂತ್ರಾಕ್ಷತೆ ಹಾಕಿಸಿಕೊಂಡರು. ಸುದರ್ಶನವನ್ನು ತರಬೇಕಾಗಿರಲಿಲ್ಲ. ನಮ್ಮ ಹಿತ್ತಲಲ್ಲೇ ಬಾವಿಯ ಬಾಜು ಒಂದು ದೊಡ್ಡ ಗಿಡ ಇತ್ತು. ಮಳೆಗಾಲದಲ್ಲಿ ಬೆಳ್ಳಗೆ ಗೊಂಚಲು ಗೊಂಚಲು ಹೂ ಬಿಡುತ್ತಿತ್ತು. ಆದರೆ ಭಾವನ ಹೆಂಡತಿ, ನಮ್ಮ ವೈನಿ ಚಂದ್ರಭಾಗಾ, ಅದರ ಒಂದು ಹೂವನ್ನೂ ಯಾವತ್ತೂ ಕೊಯ್ದವರಲ್ಲ. ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಏಕೆಂದು ಅತ್ತೆ ಹೇಳಿದರು. ವೈನಿ ಮೊದಲ ಸಲ ಬಸುರಿದ್ದಾಗ ಭಾವ ಆ ಗಡ್ಡೆ ನೆಡಲು ಹಿತ್ತಲಲ್ಲಿ ಕುಣಿ ತೋಡಿದ್ದರು. ಬಸುರಿಯ ಗಂಡ ನೆಲ ಅಗಿಯಬಾರದು. ಇದು ನಮ್ಮವರಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿರುವ ಮಾತು. ಭಾವನಿಗೂ ಗೊತ್ತಿತ್ತು, ಲಕ್ಷ್ಯ ಕೊಡಲಿಲ್ಲ. ಕೂಸು ಹುಟ್ಟುವಾಗಲೇ ಹೋಗಿತ್ತು. ಆಮೇಲೆ ಬಹಳ ವರ್ಷ ವೈನಿಗೆ ಏನೂ ನಿಲ್ಲಲಿಲ್ಲ. ಅವರು ಗಂಡನಿಗೆ ಒಂದು ಮಾತೂ ಅಂದದ್ದನ್ನು ಯಾರೂ ಕೇಳಿಲ್ಲ. ಊಟಕ್ಕೆ ಬಡಿಸುತ್ತಿದ್ದರು, ಭಾವ ಬರೆದ ಗಿಡದ ಚಿತ್ರಗಳಿಗೆ ತಾವೇ ಕುಳಿತು ಬಣ್ಣ ತುಂಬುತ್ತಿದ್ದರು. ಆದರೂ ಅವರಿಬ್ಬರ ನಡುವೆ ಆ ಕುಣಿ ಮುಚ್ಚಿರಲಿಲ್ಲ. ಮನೆಗೆ ಹೊಸಬಳಾದ ನನಗೂ ಅದು ತಿಳಿಯುತ್ತಿತ್ತು.

ಇಪ್ಪತ್ತಾರನೇ ಇಸವಿಯ ಸಂಕ್ರಾಂತಿಯ ಹೊತ್ತಿಗೆ ವೈನಿಗೆ ಮತ್ತೆ ಬಸುರು ನಿಂತಿತು. ಅವತ್ತೇ ಅವರು ಭಾವನನ್ನು ದೇವರ ಮುಂದೆ ಕರೆದುಕೊಂಡು ಹೋಗಿ ಕೈ ಚಾಚಿದರು.

"ಈ ಸಲ ನೆಲಾ ಅಗಿಯೂದಿಲ್ಲ, ಮತ್ತೊಬ್ಬರ ಕಡಿಂದನೂ ಅಗಸೂದಿಲ್ಲ ಅಂತ ಕೈ ಮ್ಯಾಲ ಕೈ ಹಾಕ್ರಿ."

ಭಾವ ಕೈ ಹಾಕಿದರು. ಅದಕ್ಕಿಂತ ಅಡ್ಡ ಹೊತ್ತಿನಲ್ಲಿ ಆ ಮಾತು ಕೊಡಲು ಸಾಧ್ಯವೇ ಇರಲಿಲ್ಲ.

ಹಿಂದಿನ ದೀಪಾವಳಿ ಸೂಟಿಯಲ್ಲಿ ಅವರು ಖಾನಾಪುರದ ಕಾಡಿನ ಅಂಚಿನಲ್ಲಿ ಒಂದು ಗಿಡ ಕಂಡುಬಂದಿದ್ದರು. ತೋರಿಸಿದವನು ಪಾರಿಶ್ವಾಡದ ಸಿದರಾಯ. ಕುರಿ ಕಾಯುವವನು, ಚಳಿಗಾಲಕ್ಕೆ ನಮ್ಮ ಮನೆಗೆ ಕಂಬಳಿ ತಂದು ಕೊಡುತ್ತಿದ್ದವನು. ಗೇಣುದ್ದದ ಗಿಡ, ಆಗಷ್ಟೇ ಮೊಳೆತ ತೆಂಗಿನ ಸಸಿಯ ಹಾಗೆ ಎಲೆ. ಅದಕ್ಕೇ ಜನ ನೆಲತೆಂಗು ಅನ್ನುತ್ತಾರೆ, ಮರಾಠಿಯವರು ಕಾಳಿ ಮುಸಳಿ ಅನ್ನುತ್ತಾರೆ. ಗಡ್ಡೆ ಔಷಧಿಗೆ ಬರುತ್ತದೆ, ಅಂಗಡಿಯಲ್ಲಿ ಒಣಗಿದ್ದು ಸಿಗುತ್ತದೆ. ಪುಸ್ತಕದವರೆಲ್ಲ ಅದನ್ನು ಸುದರ್ಶನದ ಮನೆತನಕ್ಕೆ ಸೇರಿಸಿದ್ದರು. ಭಾವನಿಗೆ ಅದು ಒಪ್ಪಿಗೆಯಾಗಲಿಲ್ಲ. ಸುದರ್ಶನದ ಗಡ್ಡೆ ಬಿಚ್ಚಿದರೆ ಪದರು ಪದರು, ಇದು ಒಳಗೆಲ್ಲ ಗಟ್ಟಿ. ಅದರ ಎಲೆ ನುಣುಪು, ಇದರ ಎಲೆಯ ಮೇಲೆ ರೋಮ. ಇದು ಮತ್ತು ಇದರಂಥದೇ ಇನ್ನೆರಡು ಸಣ್ಣ ಗಿಡ ಸೇರಿ ಬೇರೆಯೇ ಒಂದು ಚಿಕ್ಕ ಮನೆ ಎಂಬುದು ಅವರ ವಾದ. ಹೂ ನೋಡಿದರೆ ಸಿದ್ಧವಾಗುತ್ತದೆ ಎಂದು ಮಳೆಗಾಲವನ್ನೇ ಕಾಯುತ್ತಿದ್ದರು.

ಮಳೆ ಹಿಡಿಯಿತು, ನೆಲತೆಂಗು ಹೂ ಬಿಟ್ಟಿತು. ಪ್ರತಿ ಆದಿತ್ಯವಾರ ಭಾವ ಮುಂಜಾನೆಯ ಗಾಡಿಗೆ ಖಾನಾಪುರಕ್ಕೆ ಹೋಗಿ, ನೆಲಕ್ಕೆ ಅಂಟಿಕೊಂಡಂತೆ ಅರಳಿದ ಹಳದಿ ನಕ್ಷತ್ರಗಳನ್ನು ಉಗುರಲ್ಲಿ ಚಿವುಟಿ, ಒದ್ದೆ ಅರಿವೆಯಲ್ಲಿ ಸುತ್ತಿ ತರುತ್ತಿದ್ದರು. ಭೂತಗನ್ನಡಿ ಹಿಡಿದು ಕಣ್ಣು ಕೆಂಪಗಾಗುವವರೆಗೂ ನೋಡಿದರು. ಪಕಳೆಗಳ ಕೆಳಗೆ ಚೀಲ ಇಲ್ಲ, ಬರೀ ಸಪೂರ ದಂಟು. ಪಕಳೆಗಳ ನಡುವೆ ಸಣ್ಣ ಕಂಬ. ಅದರ ಬುಡವೇ ಚೀಲವಿರಬೇಕು ಎಂದುಕೊಂಡರು.

"ಚೀಲ ಮ್ಯಾಲದ! ಸುದರ್ಶನಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ!" ಎಂದು ಪಡಸಾಲೆಯಲ್ಲಿ ನಿಂತು ಕೂಗಿದರು. ಅಷ್ಟು ಹುರುಪಿನಿಂದ ಅವರು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ವೈನಿ ಹೊಟ್ಟೆಯ ಭಾರಕ್ಕೆ ಗೋಡೆಗೊರಗಿ ಕುಳಿತು ಆ ಹೂವಿಗೆ ಹಳದಿ ತುಂಬಿದರು.

ಆ ಆಷಾಢದಲ್ಲೇ ಪುಣೆಯ ಒಬ್ಬ ಪ್ರೊಫೆಸರರು ಬೆಳಗಾವಿಗೆ ಬಂದಿಳಿದರು. ಜಿಲ್ಲೆಯ ಗಿಡಗಳ ಮೇಲೆ ಪುಸ್ತಕ ಬರೆಯುತ್ತಿದ್ದರಂತೆ. ಭಾವ ಚಿತ್ರಗಳನ್ನೆಲ್ಲ ಸುತ್ತಿಕೊಂಡು ಹೋದರು, ಜೊತೆಗೆ ನಮ್ಮ ಯಜಮಾನರೂ ಹೋದರು. ಅಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದ್ದು. ಪ್ರೊಫೆಸರರು ಕೆಟ್ಟವರಲ್ಲ. ಚಿತ್ರಗಳನ್ನು ನಿಧಾನವಾಗಿ ನೋಡಿ ಮರಾಠಿಯಲ್ಲಿ ಕೇಳಿದರು:

"ಚೆನ್ನಾಗಿವೆ. ಆದರೆ ನೆಲದ ಕೆಳಗಿನ ಭಾಗ ಎಲ್ಲಿ? ಹೂ ಬಿಟ್ಟಿರುವಾಗಲೇ ಬೇರುಸಹಿತ ಕಿತ್ತ ಗಿಡ ಒಂದಾದರೂ ಬೇಕಲ್ಲ?"

ಭಾವ ತಲೆ ತಗ್ಗಿಸಿದರು.

"ಒಂದು ಇಡೀ ಗಿಡ ತಂದು ತೋರಿಸಿ. ನಾನು ಹೊರಡುವುದರೊಳಗೆ ತಂದರೆ, ಬೇರೆ ಮನೆ ಎಂಬ ನಿಮ್ಮ ವಾದವನ್ನು ನಿಮ್ಮ ಹೆಸರಿನಲ್ಲೇ ಪುಸ್ತಕಕ್ಕೆ ಹಾಕುತ್ತೇನೆ."

ಅಷ್ಟು ಕಲಿತವರ ಮುಂದೆ 'ಹೆಂಡತಿ ಬಸುರಿ, ನಾನು ನೆಲ ಅಗಿಯುವ ಹಾಗಿಲ್ಲ' ಎನ್ನಲು ಭಾವನಿಗೆ ನಾಲಗೆ ಏಳಲಿಲ್ಲ. "ಈ ವರ್ಷ ಆಗೂದಿಲ್ಲ" ಎಂದರು. ಏಕೆ ಎಂದು ಕೇಳಿದರೆ ಚಿತ್ರಗಳನ್ನು ಸುತ್ತಿಕೊಳ್ಳತೊಡಗಿದರು. ಚಿತ್ರಗಳೇ ಸುಳ್ಳೇನೋ, ಮಾಸ್ತರ ಗಿಡವನ್ನೇ ನೋಡಿಲ್ಲವೇನೋ ಎಂಬ ಗುಮಾನಿ ಪ್ರೊಫೆಸರರ ಮುಖದಲ್ಲಿ ಕಂಡಿತಂತೆ. ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಪ್ರೊಫೆಸರರ ಮೇಲಲ್ಲ, ಭಾವನ ಮೇಲೆ. ನಾನಾಗಿದ್ದರೆ ಸಿದರಾಯನಿಂದ ಒಂದು ಗಿಡ ಕೀಳಿಸಿ, ತೋರಿಸಿ, ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ವೈನಿಗೆ ಹೇಳುವವರು ಯಾರಿದ್ದರು?

ಆ ಆಸೆ ಭಾವನಿಗೂ ಬಂದಿತ್ತು. ಮುಂದಿನ ಆದಿತ್ಯವಾರ ಖಾನಾಪುರಕ್ಕೆ ಹೋದವರು ಕತ್ತಲಾಗುವ ಮುಂಚೆ ತೊಯ್ದು ತೊಪ್ಪೆಯಾಗಿ ಬಂದರು. ಕೈಚೀಲ ಖಾಲಿ ಇತ್ತು. ಅಲ್ಲಿ ಏನಾಯಿತೆಂದು ಆಮೇಲೆ ಸಿದರಾಯ ನನ್ನ ಮುಂದೆ ಹೇಳಿದ.

"ಬಾಯಾರ, ನಾ ಕುರ್ಪಿ ನೆಲಕ್ಕ ಹಚ್ಚಿದ್ನಿರಿ. 'ತಡಿ ಸಿದರಾಯ' ಅಂದ್ರು. ಮತ್ತ 'ಹೂಂ, ಅಗಿ' ಅಂದ್ರು. ಮತ್ತ 'ಬ್ಯಾಡ' ಅಂದ್ರು. ಮಳಿ ಅಂದ್ರ ಮಳಿ ಬರಾಕತ್ತಿತ್ತು, ಕೊಡಿ ಐತಿ ಅನ್ನೂದು ಮರತು ನಿಂತಿದ್ರು. ಕಡೀಕ ನನ್ನ ಕೈಯಾನ ಕುರ್ಪಿ ತಗೊಂಡು ದೂರ ಒಗದ್ರು ನೋಡ್ರಿ. ಮಾಸ್ತರಿಗೆ ಏನರ ಆಗೈತೇನ್ರಿ?"

ಮಾಸ್ತರರಿಗೆ ಏನಾಗಿತ್ತೆಂದು ಅವನಿಗೆ ಹೇಗೆ ಹೇಳಲಿ? ಪ್ರೊಫೆಸರರು ಪುಣೆಯ ಗಾಡಿ ಹತ್ತಿದರು. ಭಾವ ಸ್ಟೇಶನ್ನಿಗೆ ಹೋಗಲಿಲ್ಲ. ಮನೆಯಲ್ಲಿ ಈ ವಿಷಯ ಯಾರೂ ಎತ್ತಲಿಲ್ಲ. ಆದರೆ ಗೋಡೆಗಳಿಗೂ ಬಾಯಿ ಇರುವ ಮನೆ ನಮ್ಮದು. ಭಾವ ಏನು ಬಿಟ್ಟುಕೊಟ್ಟರೆಂದು ವೈನಿಗೆ ತಿಳಿಯಿತು. ಆ ವಾರವೆಲ್ಲ ಅವರು ಗಂಡನಿಗೆ ತಾಟಿನ ಮುಂದೆ ಕುಳಿತು ಒತ್ತಾಯ ಮಾಡಿ ಉಣಿಸಿದರು.

ಶ್ರಾವಣದಲ್ಲಿ, ಇನ್ನೂ ದಿನ ತುಂಬುವ ಮುಂಚೆಯೇ, ವೈನಿಗೆ ನೋವು ಬಂತು. ಸೂಲಗಿತ್ತಿ ಬಂದಳು, ಡಾಕ್ಟರರೂ ಬಂದರು. ಗಂಡು ಕೂಸು. ಒಂದು ಸಲವೂ ಅಳಲಿಲ್ಲ.

ಅಷ್ಟು ಎಳೆಯ ಕೂಸನ್ನು ಸುಡುವುದಿಲ್ಲ, ಮಣ್ಣಿಗೆ ಕೊಡುತ್ತಾರೆ. ಬಿಳಿ ಅರಿವೆಯಲ್ಲಿ ಸುತ್ತಿ ಊರ ಹೊರಗಿನ ಹಳ್ಳದ ದಂಡೆಗೆ ಒಯ್ದರು. ಯಜಮಾನರು ಗುದ್ದಲಿ ಹಿಡಿದಿದ್ದರು. ಭಾವ ಅದನ್ನು ಅವರ ಕೈಯಿಂದ ತೆಗೆದುಕೊಂಡರಂತೆ. "ಇನ್ನ ಅಗಿಯಲಿಕ್ಕೆ ಅಡ್ಡಿಯಿಲ್ಲಲ್ಲ ಪಂಢರೀ" ಅಂದರಂತೆ. ಆ ಮಳೆಗಾಲದಲ್ಲಿ ಅವರು ನೆಲ ಅಗಿದದ್ದು ಅದೊಂದೇ ಸಲ. ಇದನ್ನು ಹೇಳಿ ಯಜಮಾನರು ಪಡಸಾಲೆಯಲ್ಲಿ ಕುಳಿತು ಗಳಗಳ ಅತ್ತರು. ನಾನೂ ಅತ್ತುಬಿಟ್ಟೆ. ದೇವರಿಗೆ ಬೈದೆ, ಮನಸ್ಸಿನಲ್ಲಲ್ಲ, ಬಾಯಿಬಿಟ್ಟೇ ಬೈದೆ. ಅವತ್ತು ಅತ್ತೆ ನನ್ನನ್ನು ತಡೆಯಲಿಲ್ಲ.

ಆಮೇಲೆ ಭಾವ ಗಿಡಗಳನ್ನು ಬಿಟ್ಟರು. ಗಾದಿಯ ಕೆಳಗಿನ ಕಾಗದಗಳು ಹೋದವು. ಹಾಸಿಗೆ ಸುತ್ತುವುದು ಸುಲಭವಾಯಿತು, ಆ ಸುಲಭ ನನಗೆ ಬೇಕಾಗಿರಲಿಲ್ಲ. ಶಾಲೆಗೆ ಹೋಗುತ್ತಿದ್ದರು, ಬಂದು ತೂಗುಮಂಚದ ಮೇಲೆ ಕುಳಿತು ಬೀದಿ ನೋಡುತ್ತಿದ್ದರು. ಪ್ರೊಫೆಸರರ ಪುಸ್ತಕ ಅಚ್ಚಾಗಿ ಬಂತು ಎಂದು ಯಾರೋ ಹೇಳಿದರು. ನೆಲತೆಂಗು ಸುದರ್ಶನದ ಮನೆತನದಲ್ಲೇ ಇತ್ತು, ಭಾವನ ಹೆಸರು ಎಲ್ಲಿಯೂ ಇರಲಿಲ್ಲ.

ಮರುವರ್ಷ ಮಳೆ ಹಿಡಿದ ಮೇಲೆ ಒಂದು ಆದಿತ್ಯವಾರ ವೈನಿ ಮುಂಜಾನೆಯೇ ಬುತ್ತಿ ಕಟ್ಟಿದರು.

"ಏಳ್ರಿ, ಖಾನಾಪುರಕ್ಕ ಹೋಗೂಣು. ಕುಂದಾ, ನೀನೂ ಬಾ" ಎಂದು ನನ್ನನ್ನೂ ಕರೆದರು.

ಭಾವ ಏನೂ ಕೇಳದೆ ಕೋಟು ಹಾಕಿಕೊಂಡರು. ಸ್ಟೇಶನ್ನಿನಿಂದ ಕಾಡಿನ ಅಂಚಿಗೆ ಕೆಸರಲ್ಲಿ ನಡೆದೆವು. ಸಿದರಾಯನ ಕುರಿಗಳು ಅಲ್ಲೇ ಮೇಯುತ್ತಿದ್ದವು. ವೈನಿ ಅವನ ಕುರ್ಪಿ ಕೇಳಿ ಇಸಿದುಕೊಂಡರು. ಹೂ ಬಿಟ್ಟ ಒಂದು ನೆಲತೆಂಗಿನ ಮುಂದೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತರು. ಭಾವ ಮುಂದೆ ಬಂದರು. ವೈನಿ ಕೈ ಅಡ್ಡ ಮಾಡಿ ಅವರನ್ನು ತಡೆದರು.

ಅವರೇ ಅಗಿದರು. ಅವಸರ ಮಾಡಲಿಲ್ಲ. ಸುತ್ತಲಿನ ಮಣ್ಣನ್ನು ಮೊದಲು ಕುರ್ಪಿಯಿಂದ, ಆಮೇಲೆ ಬೆರಳಿನಿಂದ ಬಿಡಿಸುತ್ತ ಹೋದರು. ಹೂವಿನ ದಂಟು ಎಂದು ನಾವೆಲ್ಲ ತಿಳಿದಿದ್ದದ್ದು ನೆಲದೊಳಗೆ ಇಳಿದಿತ್ತು. ಅದರ ತುದಿಗೆ, ಎಲೆಗಳ ಬುಡದ ಸಂದಿಯಲ್ಲಿ, ಮಣ್ಣಿನೊಳಗೆ, ಎಳ್ಳಿಗಿಂತ ತುಸು ದೊಡ್ಡದಾದ ಬಿಳಿ ಉಬ್ಬು. ಭಾವ ಮೊಣಕಾಲೂರಿ ಭೂತಗನ್ನಡಿ ಹಿಡಿದರು. ಬಹಳ ಹೊತ್ತು ನೋಡಿದರು.

"ನಾನ ತಪ್ಪಿದೆ" ಎಂದರು. "ಚೀಲ ಕೆಳಗದ. ಹೂವಿನ ಕೆಳಗ, ನೆಲದಾಗ. ನಾ ಚಿವುಟಿದಾಗೆಲ್ಲ ಅದು ಮಣ್ಣಿನ್ಯಾಗೇ ಉಳದುಬಿಡತಿತ್ತು. ಹೋದ ವರ್ಷ ಅಗದು ನೋಡಿದ್ದರೂ ನನ್ನ ಮಾತು ನಿಲ್ಲತಿದ್ದಿಲ್ಲ."

ವೈನಿ ಆ ಉಬ್ಬನ್ನು ನೋಡಲಿಲ್ಲ. ಗಂಡನ ಮುಖ ನೋಡಿದರು.

"ಹೋದ ವರ್ಷ ನೀವು ಒಂದು ಹಿಡಿ ಮಣ್ಣು ಸೈತ ಎಬ್ಬಸಲಿಲ್ಲ. ಆದರೂ ಅವ ಉಳೀಲಿಲ್ಲ" ಎಂದರು. ಕುರ್ಪಿಯನ್ನು ಹುಲ್ಲಿನ ಮೇಲಿಟ್ಟರು. "ಹಂಗಾದರ ಮೊದಲನೇದೂ ನಿಮ್ಮಿಂದ ಹೋಗಿದ್ದಲ್ಲ. ನಾ ಇಷ್ಟು ವರ್ಷ ನಿಮ್ಮಿಂದನೇ ಅಂತ ತಿಳದಿದ್ದೆ. ಇದನ್ನ ಮನ್ಯಾಗ ಹೇಳಲಿಕ್ಕೆ ಆಗಲಿಲ್ಲ, ಅದಕ್ಕ ಇಲ್ಲಿಗೆ ಕರಕೊಂಡು ಬಂದೆ."

ಭಾವ ಭೂತಗನ್ನಡಿ ಕೆಳಗಿಟ್ಟರು. ಕೆಸರಿನಲ್ಲಿ ಹಾಗೆಯೇ ಕುಳಿತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಸಣ್ಣ ಹುಡುಗರಂತೆ ಬಿಕ್ಕಿ ಬಿಕ್ಕಿ ಅತ್ತರು. ಕೂಸನ್ನು ಮಣ್ಣು ಮಾಡಿದ ದಿನವೂ ಅವರು ಅತ್ತಿರಲಿಲ್ಲ. ಸಿದರಾಯ ಮುಖ ತಿರುಗಿಸಿ ಕುರಿಗಳ ಕಡೆ ಹೋದ. ನಾನೂ ಎದ್ದು ಹೋಗಬೇಕಾಗಿತ್ತು, ಹೋಗಲಿಲ್ಲ.

ಕೊನೆಗೆ ವೈನಿ ಕೇಳಿದರು: "ಇನ್ನ ಇದನ್ನ ಯಾವ ಮನಿಗೆ ಹಾಕ್ತೀರಿ?"

ಭಾವ ಧೋತರದ ತುದಿಯಿಂದ ಮುಖ ಒರೆಸಿಕೊಂಡರು. "ಬ್ಯಾರೆ ಮನೀನ ಅಂತ ಈಗೂ ಅನಸ್ತದ. ಚೀಲದ ಕಾರಣ ಹೋತು, ಬ್ಯಾರೆ ಕಾರಣ ಹುಡಕಬೇಕು" ಎಂದರು.

"ಹುಡಕೂಣು" ಎಂದರು ವೈನಿ. ಆ ಗಿಡವನ್ನು ಒಣಗಿಸಲು ಮಾತ್ರ ಕೊಡಲಿಲ್ಲ. ಭಾವ ಅಲ್ಲೇ ಕುಳಿತು ಅದರ ಚಿತ್ರ ಬರೆದುಕೊಂಡ ಮೇಲೆ, ವೈನಿ ಅದನ್ನು ಅದೇ ಕುಣಿಯಲ್ಲಿ ಮರಳಿ ಇಟ್ಟರು. ಬುಡಕ್ಕೆ ಮಣ್ಣು ಎಳೆದು ಮುಚ್ಚಿದವರು ಭಾವ.