ಪಂಕಜಾಕ್ಷಿಯ ಲಿಂಕು ಮುಯ್ಯಾಳು

ವನಗೂರಿನ ಪಂಕಜಾಕ್ಷಿ ಹೋಂಸ್ಟೇ ತೆರೆದು ವರ್ಷವಾಗಿತ್ತು. ಕೋಣೆ ಚೆಂದ, ಅಕ್ಕಿರೊಟ್ಟಿ ಇನ್ನೂ ಚೆಂದ. ಒಳಗೆ ಬಂದದ್ದು ಮಾತ್ರ ಪಕ್ಕದ ಮನೆಯ ಕೋಳಿ. ಇಂಟರ್ನೆಟ್ಟಿನ ಸರ್ಚಿನಲ್ಲಿ ಅವಳ ಹೋಂಸ್ಟೇ ಎಷ್ಟೋ ಪುಟ ಕೆಳಗಿತ್ತು; ಅಷ್ಟು ಆಳಕ್ಕೆ ಇಳಿದು ನೋಡಿದವರೇ ಇಲ್ಲ.

"ದಸರಾ ರಜೆಗೂ ಜನ ಬರ್ಲಿಲ್ಲಾಂದ್ರೆ ಆ ರೂಮಿಗೆ ಮೆಣಸಿನ ಚೀಲ ತುಂಬ್ತೀನಿ," ಎಂದು ಗಂಡ ಮೋಹನ್ ಗಡುವು ಕೊಟ್ಟ.

ಅವಳು ಯಸಳೂರಿಗೆ ಓಡಿದಳು. ಅಲ್ಲಿ ಕಂಪ್ಯೂಟರ್ ಅಂಗಡಿಯ ದಯಾನಂದ ಈ ವಿದ್ಯೆಯಲ್ಲಿ ಪಂಡಿತ. ಹಿಂದೊಮ್ಮೆ "ಕೀವರ್ಡ್ ತುಂಬಿ, ಜನ ಹುಡುಕೋ ಪದ" ಎಂದಿದ್ದ; ಅವಳು ತನ್ನ ವೆಬ್‌ಸೈಟಿನ ತುಂಬ 'ಸಕಲೇಶಪುರ ಹೋಂಸ್ಟೇ' ಎಂದು ಸಹಸ್ರನಾಮವನ್ನೇ ಬರೆದಳು. ಮುಂಗಾರಿನ ಹೊತ್ತಿಗೆ "ತುಂಬೋದು ಈಗ ಪಾಪ ಕಣಕ್ಕ" ಎಂದ; ಅಳಿಸಿದಳು.

"ಈಗೇನೋ ಹೊಸ ಮಂತ್ರ?"

"ಲಿಂಕ್ ಕಟ್ಬೇಕು. ಬೇರೆಯವರ ವೆಬ್‌ಸೈಟಲ್ಲಿ ನಿಮ್ಮದರ ವಿಳಾಸ ಇದ್ರೆ, ಸರ್ಚಿಗೆ ನೀವು ಮರ್ಯಾದಸ್ಥರು."

"ನಾನು ಅವರದ್ದು ಹಾಕಿ, ಅವರು ನಂದು ಹಾಕಿದ್ರೆ?"

"ಇನ್ನೂ ಒಳ್ಳೇದು."

"ಅಷ್ಟೇನಾ ಮಾರಾಯ? ಇದು ಮುಯ್ಯಾಳು ಕಣೋ!"

ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಇದನ್ನು ಆ ಸೀಮೆಗೆ ಯಾರೂ ಕಲಿಸಬೇಕಿಲ್ಲ. ಪಂಕಜಾಕ್ಷಿ ಜೀಪು ಹತ್ತಿ ಗುಡ್ಡದ ಹೋಂಸ್ಟೇಗಳನ್ನೆಲ್ಲ ಒಪ್ಪಿಸಿ ಬಂದಳು. ಒಪ್ಪದವರು ಒಬ್ಬರೇ, ಜನ್ಮದಲ್ಲಿ ಯಾರ ಗದ್ದೆಗೂ ಇಳಿಯದ ಶಾಂತಮಲ್ಲಪ್ಪ.

"ನನ್ ಪಾಡು ನಂಗೈತೆ ಕಣಮ್ಮ."

ಒಬ್ಬರದೊಬ್ಬರು ಲಿಂಕ್ ಹಾಕಿಕೊಂಡು ವಾರ ಕಳೆಯುವಷ್ಟರಲ್ಲಿ ಮುಯ್ಯಾಳಿನ ಬಳಗವೇ ಸರ್ಚಿನಿಂದ ಮಾಯ!

"ದಯಾನಂದ, ಪಾತಾಳಕ್ಕೆ ಹೋಗ್ಬುಟ್ವಲ್ಲೋ!"

"ಅಕ್ಕಾ, ನೀವು ಕಟ್ಟೋವಾಗ ಅದು ಲಿಂಕ್ ಬಿಲ್ಡಿಂಗು. ಈಗ ಹಂಗೆ ಕೊಟ್ಟು ತಗೊಂಡ್ರೆ ಸ್ಪ್ಯಾಮ್ ಅಂತಾರೆ. ಅಂದ್ರೆ ಮೋಸ."

"ಮುಯ್ಯಿ ಮೋಸಾನಾ? ನಿನ್ ಸರ್ಚು ಒಂದಿನ ಕೆಸರಿಗೆ ಇಳೀಲಿ, ಗೊತ್ತಾಗುತ್ತೆ!"

ಮೊದಲ ಪುಟದಲ್ಲಿ ಉಳಿದದ್ದು ಶಾಂತಮಲ್ಲಪ್ಪನವರ ಹೋಂಸ್ಟೇ ಒಂದೇ. ಫೋನ್ ಮಾಡಿದವರಿಗೆಲ್ಲ ಅವರು "ಬನ್ನಿ" ಎಂದರು. ರಜೆ ಶುರುವಾದ ದಿನ ಎಲ್ಲರೂ ಬಂದೇಬಿಟ್ಟರು. ಕೋಣೆ ತುಂಬಿ, ಜಗಲಿ ತುಂಬಿ, ಕಾಫಿ ಕಣದಲ್ಲೂ ಸೂಟ್‌ಕೇಸು. ಹೆಂಡತಿ ಗುರುಶಾಂತಮ್ಮ ಸೌಟು ಕೆಳಗಿಟ್ಟು, "ನಿಮ್ ಪಾಡು ನಿಮಗೈತಲ್ಲ, ನೀವೇ ಬಡಿಸ್ಕಳಿ," ಎಂದು ಕೂತುಬಿಟ್ಟರು.

ಮಧ್ಯಾಹ್ನ ಶಾಂತಮಲ್ಲಪ್ಪ ಪಂಕಜಾಕ್ಷಿಯ ಬಾಗಿಲಲ್ಲಿ ನಿಂತಿದ್ದರು.

"ಒಂದಷ್ಟು ಜನಾನ ಇಟ್ಕೋತೀಯೇನಮ್ಮ?"

"ಇಟ್ಕೋತೀನಿ ಕಣ್ರೀ. ನಮ್ಮ ಕಾಫಿ ಕೊಯ್ಲಿಗೆ ಬರ್ತೀರಾ?"

ಅವರು ತಲೆ ಕೆರೆದುಕೊಂಡರು. ಬೆನ್ನ ಹಿಂದೆ ಅತಿಥಿಗಳ ಮಕ್ಕಳು ಹಸಿವೆಂದು ಕಿರುಚುತ್ತಿದ್ದವು. "ಬರ್ತೀನಿ ಮಾರಾಯ್ತಿ, ಬರ್ತೀನಿ!"

ಪಂಕಜಾಕ್ಷಿ ತನ್ನ ಕೋಣೆ ತುಂಬಿಸಿ, ಮಿಕ್ಕವರನ್ನು ಬಳಗದ ಮನೆಗಳಿಗೆ ಹಂಚಿದಳು. ಮೋಹನ್ ಮೆಣಸಿನ ಚೀಲದ ಮಾತು ಬಿಟ್ಟು ನೀರು ಹೊತ್ತ. ಅಷ್ಟರಲ್ಲಿ, ಸುದ್ದಿ ಮುಟ್ಟಿದ ದಯಾನಂದನ ಫೋನು.

"ಅಕ್ಕಾ, ಹಿಂಗೆ ಒಬ್ಬರು ಇನ್ನೊಬ್ಬರ ಹತ್ರ ಜನಾನ ಕಳಿಸೋದಕ್ಕೆ ರೆಫರಲ್ ಟ್ರಾಫಿಕ್ ಅಂತಾರೆ!"

"ಅದರ ಅರ್ಥ ಬದಲಾಗೋದ್ರೊಳಗೆ ನಾಲ್ಕು ರೊಟ್ಟಿ ಬೇಯಿಸ್ಕೋತೀನಿ, ಇಡೋ ಫೋನು!"