ಎಣ್ಣೆ ಕುಡಿದ ಕಲ್ಲು

ಮೊನ್ನೆ ಬೆಳಿಗ್ಗೆ ಮೊಮ್ಮಗಳ ನೆತ್ತಿಗೆ ಹರಳೆಣ್ಣೆ ಒತ್ತುತ್ತಾ ಕೂತಿದ್ದೆ. ಅಂಗಡಿಯ ಎಣ್ಣೆಯಲ್ಲ, ಮನೆಯಲ್ಲೇ ಹರಳು ಹುರಿದು, ಕುಟ್ಟಿ, ಕಾಯಿಸಿದ್ದು. ಅದರ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಸೊಸೆ ಆಗಲೇ ಮೂಗು ಮುಚ್ಚಿಕೊಂಡು ಒಳಗೆ ಹೋಗಿದ್ದಳು. ಅಷ್ಟರಲ್ಲಿ ಹೊರಗೆ ರಸ್ತೆ ಅಗಲ ಮಾಡುವವರ ಕ್ರೇನು ಬಂದು ನಿಂತ ಸದ್ದಾಯಿತು. ನಮ್ಮ ಹೋಟೆಲಿನ ಮುಂದಿರುವ ದೊಡ್ಡ ಕಲ್ಲನ್ನು ಎತ್ತಿ ಹಿಂದಕ್ಕೆ ಇಡುತ್ತೇವೆ ಎಂದು ಹಿಂದಿನ ದಿನವೇ ಹೇಳಿ ಹೋಗಿದ್ದರು. ಮೂಗಿನಲ್ಲಿ ಹರಳೆಣ್ಣೆ, ಕಿವಿಯಲ್ಲಿ ಕ್ರೇನು... ಎರಡೂ ಕೂಡಿದ್ದೇ ತಡ, ಕಲ್ಲಕ್ಕ ಕಣ್ಣ ಮುಂದೆ ಬಂದು ನಿಂತುಬಿಟ್ಟರು.

ಕಲ್ಲಕ್ಕ ಎನ್ನುವುದು ಅವರ ಹೆಸರಲ್ಲ. ಅವರಿಗೆ ಬೇರೆ ಹೆಸರಿತ್ತು, ಆದರೆ ನಮ್ಮೂರಲ್ಲಿ ಆ ಹೆಸರಿನಿಂದ ಕರೆದವರು ಯಾರೂ ಇಲ್ಲ. ಧರ್ಮಪುರಿಯ ಆಚೆಯವರು. ಕಲ್ಲು ಒಡೆಯುವ ಗ್ಯಾಂಗು ಕಟ್ಟಿಕೊಂಡು ಊರೂರು ತಿರುಗಿ, ಕೊನೆಗೆ ನಮ್ಮೂರ ಹಿಂದಿನ ಬೋಳುಬಂಡೆಯನ್ನು ಸರ್ಕಾರದಿಂದ ಲೀಸಿಗೆ ಹಿಡಿದು ಬಂದಿದ್ದರು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ಓಡಾಡಲು ಒಂದು ಮೊಪೆಡ್ಡು. ಹೆಂಗಸೊಬ್ಬಳು ಕ್ವಾರಿ ನಡೆಸುತ್ತಾಳಂತೆ ಎಂದು ನೋಡುವುದಕ್ಕೇ ಜನ ಹಾರೋಹಳ್ಳಿಯಿಂದ ಬರುತ್ತಿದ್ದರು. ಬಂದವರ ಕೈಗೆ ಅವರು ಸುಮ್ಮನೆ ಒಂದು ಸುತ್ತಿಗೆ ಕೊಡುತ್ತಿದ್ದರು.

ಆಗ ನಮ್ಮೂರ ಗೇಟಿನಲ್ಲಿ, ಎಂದರೆ ಕನಕಪುರ ರಸ್ತೆಗೆ ಊರಿನ ದಾರಿ ಸೇರುವ ಕಡೆ, ಇದ್ದದ್ದು ಒಂದೇ ಒಂದು ಹುಣಸೆ ಮರ. ಕೈ ಅಡ್ಡ ಹಾಕಿದರೂ ಅರ್ಧಕ್ಕರ್ಧ ಬಸ್ಸುಗಳು ನಿಲ್ಲುತ್ತಿರಲಿಲ್ಲ. ಗಂಡಸರು ಕೂಲಿಗೆಂದು ಹೊತ್ತು ಹುಟ್ಟುವ ಮೊದಲೇ ಬೆಂಗಳೂರಿನ ಬಸ್ಸು ಹಿಡಿದು ಹೋದರೆ ಬರುವುದು ಕತ್ತಲಾದ ಮೇಲೆ. ನಾನು ಮಾಗಡಿ ಕಡೆಯಿಂದ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕಲ್ಲಕ್ಕ ಮೊದಲ ಸಲ ನನ್ನ ಜೊತೆ ಮಾತಾಡಿದ್ದು ಬೋರ್‌ವೆಲ್ ಹತ್ತಿರ. "ನೀನೂ ಹೊಸಬಳು, ನಾನೂ ಹೊಸಬಳು. ಇಬ್ಬರೂ ಗಟ್ಟಿಯಾಗಿ ಬೇರು ಬಿಡಬೇಕು ಕಣಮ್ಮಾ, ಸರಿಯಾ?" ಅಂದಿದ್ದರು. ಅವರ ಎಷ್ಟೋ ಮಾತುಗಳ ಕೊನೆಗೆ ಒಂದು "ಸರಿಯಾ?" ಇರುತ್ತಿತ್ತು.

ನಮ್ಮತ್ತೆಗೆ ಮಾತ್ರ ಅವರನ್ನು ಕಂಡರೆ ಆಗುತ್ತಿರಲಿಲ್ಲ. "ನಮ್ ಬಂಡೆ ಮೇಲೆ ರಾಗಿ ಒಣಾಕ್ತಿದ್ದೋ. ಈ ತಮಿಳ್ನಾಡ್ನೋಳು ಬಂದು ಅದುನ್ನೇ ಕುಯ್ದು ಮಾರ್ತಾಳಂತೆ, ನೋಡವ್ವ ಕಾಲಾನ!" ಎಂದು ದಿನಾ ಗೊಣಗುತ್ತಿದ್ದರು. ಕಲ್ಲಕ್ಕ ಏನು ಮಾಡಿದರು ಗೊತ್ತೇ? ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಮುಂಚೆ ನಮ್ಮ ಬಾಗಿಲಿಗೆ ಬಂದು ನಿಂತು, "ಅಮ್ಮಾ, ಬಂಡೆ ಹತ್ತಲಾ?" ಎಂದು ಅಪ್ಪಣೆ ಕೇಳತೊಡಗಿದರು. ಬಂಡೆಯ ಒಡತಿ ನಮ್ಮತ್ತೆಯೇ ಎನ್ನುವ ಹಾಗೆ! ಮೊದಮೊದಲು ಅತ್ತೆ ಮುಖ ತಿರುಗಿಸಿದರು. ಆಮೇಲೆ "ಊಂ" ಅಂದರು. ಆಮೇಲೆ ಒಂದು ಲೋಟ ಮಜ್ಜಿಗೆ ಬಂತು. ತಿಂಗಳು ಕಳೆಯುವಷ್ಟರಲ್ಲಿ ಕಲ್ಲಕ್ಕ ಬರುವುದು ಒಸಿ ತಡವಾದರೆ ಅತ್ತೆಯೇ ಬೀದಿಗೆ ಬಂದು ಇಣುಕುತ್ತಿದ್ದರು.

ಮೊದಲ ಬ್ಲಾಕು ಕಿತ್ತ ದಿನ ಊರಿಗೆ ಊರೇ ಬಂಡೆಯ ಮೇಲಿತ್ತು. ನಸುಗೆಂಪು ಕಲ್ಲು, ಮೈಯೆಲ್ಲ ಕಪ್ಪು ಅಲೆ. ಎತ್ತರ ತೊಡೆಯ ಮಟ್ಟ, ಉದ್ದಗಲ ಮಾತ್ರ ಊರಿನ ಅರ್ಧ ಜನ ಸಾಲಾಗಿ ಕೂರುವಷ್ಟು. ಹೊರದೇಶಕ್ಕೆ ಕಲ್ಲು ಕಳಿಸುವ ಮದರಾಸಿನ ವ್ಯಾಪಾರಿ ಮಾರನೆಯ ದಿನ ಬಂದು ನೋಡುವುದಿತ್ತು. ಕಲ್ಲಕ್ಕ ಅಂದು ನಗಲಿಲ್ಲ. "ಈ ಬ್ಲಾಕ್ ಹೋದರೆ ನಾನು ಈ ಊರಲ್ಲಿ ಇರ್ತೀನಿ. ಹೋಗಲಿಲ್ಲ ಅಂದರೆ ಮಿಷನ್ ಎಲ್ಲಾ ವಾಪಸ್, ನಾನೂ ವಾಪಸ್" ಎಂದರು. ಇದ್ದದ್ದನ್ನೆಲ್ಲ ಮಾರಿ ಆ ಕಲ್ಲಿಗೆ ಹಾಕಿದ್ದರೆಂದು ಎಲ್ಲರಿಗೂ ಗೊತ್ತಿತ್ತು.

ಕಲ್ಲು ನೋಡುವುದಕ್ಕೆ ಅವರದೊಂದು ಕ್ರಮವಿತ್ತು. ಕಲ್ಲಿನ ಮೇಲೆ ಬಿಂದಿಗೆ ನೀರು ಸುರಿದು ಸುಮ್ಮನೆ ಕಾಯಬೇಕು. ಬಿಸಿಲಿಗೆ ಮೈಯೆಲ್ಲ ಒಣಗಿದರೂ ಒಳಗೆ ಬಿರುಕಿದ್ದ ಕಡೆ ನೀರು ಕೂತು ಕಪ್ಪು ಗೆರೆ ಉಳಿಯುತ್ತದೆ. ಗೆರೆ ಉಳಿಯದಿದ್ದರೆ, ನೀರು ಸುರಿದವರು "ಗೆರೆ ಇಲ್ಲಾ!" ಎಂದು ಜೋರಾಗಿ ಕೂಗಬೇಕು. ಅದಕ್ಕೆ ಕಲ್ಲಕ್ಕ "ಎತ್ತು!" ಅನ್ನಬೇಕು. ಅವರು ಅನ್ನುವವರೆಗೆ ಕ್ರೇನಿನ ಕೊಕ್ಕೆ ಅಲುಗುವಂತಿರಲಿಲ್ಲ. ನೀರು ಹೊರುವ ಕೆಲಸ ನನಗೆ ಸಿಕ್ಕಿತ್ತು. ಆ ಮೊದಲ ಬ್ಲಾಕಿಗೆ ನೀರು ಸುರಿದು ನಾನೇ ಕೂಗಿದ್ದೆ. ಗಂಡಸರ ನಡುವೆ ನನ್ನ ದನಿ ಅಷ್ಟು ದೊಡ್ಡದಾಗಿ ಹೊರಟದ್ದು ಅದೇ ಮೊದಲು!

ಮಾರನೆಯ ಬೆಳಿಗ್ಗೆ ವ್ಯಾಪಾರಿ ಬರುವ ಮುಂಚೆ ನಮ್ಮತ್ತೆ ಎದ್ದರು. ಹೊಸದು ಏನೇ ಬರಲಿ, ಎಣ್ಣೆ ಮುಟ್ಟಿಸದೆ ಬಿಡುವ ಜನವಲ್ಲ ನಾವು. ರಾಗಿಕಲ್ಲಿಗೂ ಎಣ್ಣೆ, ಊರ ಮುಂದಿನ ದೇವರ ಕಲ್ಲಿಗೂ ಎಣ್ಣೆ. ಅತ್ತೆ ಮನೆಯ ಹರಳೆಣ್ಣೆ ಡಬ್ಬವನ್ನೇ ಎತ್ತಿಕೊಂಡು ಹೋಗಿ ಬ್ಲಾಕಿನ ಮೇಲೆ ಸುರಿದು, ಎರಡೂ ಕೈಯಿಂದ ತಿಕ್ಕಿ ತಿಕ್ಕಿ, ಅರಿಶಿನ ಕುಂಕುಮ ಇಟ್ಟು ಬಂದರು. ನಾನು ಕಂಡದ್ದು ಖಾಲಿ ಡಬ್ಬವನ್ನು. ಏನತ್ತೆ ಇದು ಎಂದರೆ, "ಹೆಣ್ಣು ನೋಡಾಕೆ ಬರೋವಾಗ ತಲೆಗೆ ಎಣ್ಣೆ ಹಾಕಿ ಬಾಚಲ್ವಾ? ಅಂಗೇಯ. ಹೆಂಗೆ ಮಿಂಚ್ತಾ ಐತೆ ಹೋಗಿ ನೋಡು!" ಎಂದು ಬೀಗಿದರು.

ಮಿಂಚುತ್ತಿತ್ತು, ನಿಜ. ಆದರೆ ಗ್ರಾನೈಟು ಎಣ್ಣೆ ಕುಡಿಯುತ್ತದೆ, ಕುಡಿದದ್ದನ್ನು ಬಿಟ್ಟುಕೊಡುವುದಿಲ್ಲ ಎನ್ನುವುದು ನಮಗ್ಯಾರಿಗೆ ಗೊತ್ತಿತ್ತು? ವ್ಯಾಪಾರಿ ಕಾರಿನಿಂದ ಇಳಿದು, ಕಲ್ಲಿಗೆ ಬೆರಳು ಒತ್ತಿ, ಬೆರಳನ್ನು ಮೂಸಿ ನೋಡಿದ. ಅವನ ಮುಖ ಹುಳ್ಳಗಾಯಿತು. ಎಣ್ಣೆ ಕುಡಿದ ಕಲ್ಲನ್ನು ಯಾವ ದೇಶದವರೂ ಮುಟ್ಟುವುದಿಲ್ಲ ಎಂದುಬಿಟ್ಟ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ನಮ್ಮತ್ತೆಯ ಕಥೆ. ಅವರ ಮುಖ ನೋಡಲಾಗುತ್ತಿರಲಿಲ್ಲ.

ಕಲ್ಲಕ್ಕ ಬಯ್ಯಲಿಲ್ಲ. ಒಂದು ಗಳಿಗೆ ಬ್ಲಾಕಿನ ಮೇಲೆ ಕೈಯಿಟ್ಟು ನಿಂತರು. ಆಮೇಲೆ ವ್ಯಾಪಾರಿಯ ಕಡೆ ತಿರುಗಿ ತಮಿಳಿನಲ್ಲಿ ಏನೋ ಕೇಳಿಕೊಂಡರು. ಅವನು ಕನಕಪುರದ ಆಚೆಯ ಕ್ವಾರಿಗಳನ್ನು ನೋಡಿಕೊಂಡು ವಾರದ ಕೊನೆಗೆ ಇದೇ ದಾರಿಯಲ್ಲಿ ಮರಳುವವನಿದ್ದ. ಅಷ್ಟರಲ್ಲಿ ಇನ್ನೊಂದು ಬ್ಲಾಕ್ ಇದ್ದರೆ ನೋಡುತ್ತೇನೆ ಎಂದು ಹೋದ. ಕಲ್ಲಕ್ಕನ ಗ್ಯಾಂಗಿನಲ್ಲಿದ್ದ ಕೆಲವೇ ಜನಕ್ಕೆ ಒಂದು ವಾರದಲ್ಲಿ ಅದು ಆಗುವ ಮಾತಾಗಿರಲಿಲ್ಲ.

ಅಂದು ಸಂಜೆ ಅತ್ತೆ ಮನೆಮನೆಗೂ ಹೋದರು. "ನನ್ ಎಣ್ಣೆಯಿಂದ ಒಬ್ಳು ಹೆಣ್ಮಗ್ಳು ಬಾಳು ಹಾಳಾದ್ರೆ ನನ್ ಗಂಟ್ಲಲ್ಲಿ ಮುದ್ದೆ ಇಳೀತದೇನ್ರಪ್ಪಾ? ನಾಳೆ ಒಬ್ರೂ ಬಸ್ ಹತ್ತಬ್ಯಾಡಿ. ಎಲ್ರೂ ಬಂಡೆ ಹತ್ರಿ!" ನಮ್ಮವರಿಗಂತೂ, "ಏನ್ಲಾ ಇನ್ನೂ ಕುಂತಿದ್ದೀಯ, ಹಾರೆ ಎಲ್ಲೈತೆ?" ಎಂದು ಗದರಿದರು.

ಆ ವಾರವನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ! ಎಲ್ಲರೂ ಬಂದರು. ಮಿಷನ್ನಿನಲ್ಲಿ ಸಾಲಾಗಿ ಕುಳಿ ಕೊರೆದು, ಕುಳಿಗೊಂದು ಕಬ್ಬಿಣದ ಬೆಣೆ ಇಟ್ಟು, ಬೆಣೆಗೊಬ್ಬ ಗಂಡಸು. ಕಲ್ಲಕ್ಕ "ಹೊಡಿ!" ಎಂದರೆ ಅಷ್ಟೂ ಸುತ್ತಿಗೆಗಳು ಒಟ್ಟಿಗೆ ಬೀಳಬೇಕು. ಒಬ್ಬ ಹಿಂದೆ ಬಿದ್ದರೂ ಕಲ್ಲು ಓರೆ ಸೀಳುತ್ತದೆ. ಹೆಂಗಸರು ಪುಡಿ ಬಾಚಿ ಎತ್ತಿದೆವು. ಅಷ್ಟು ಜನಕ್ಕೆ ಊಟ ಯಾರು ಮಾಡುವುದು? ಬಂಡೆಯ ಮೇಲೇ ಒಲೆ ಹೂಡಿ ಮುದ್ದೆ ತಿರುವಿದವಳು ನಾನು. ಅವರೇಕಾಳು ಸಾರು ಉಂಡ ಕಲ್ಲಕ್ಕ, "ನಿನ್ನ ಕೈಯಲ್ಲಿ ಹೋಟೆಲ್ ಇದೆ ಕಣಮ್ಮಾ" ಎಂದು ತಟ್ಟೆ ನೆಕ್ಕಿದರು. ನಾನು ನಕ್ಕುಬಿಟ್ಟೆ.

ವಾರದ ಕೊನೆಗೆ, ವ್ಯಾಪಾರಿ ಬರುವ ದಿನವೇ, ಕಲ್ಲಕ್ಕ ಬಂಡೆಗೆ ಕಿವಿಯಿಟ್ಟು ಕೈ ಎತ್ತಿದರು. ಸುತ್ತಿಗೆಗಳೆಲ್ಲ ನಿಂತವು. ಸೀರೆ ಹರಿದ ಹಾಗೆ ಒಂದು ಸದ್ದು, ಬಂಡೆ ಬಾಯಿಬಿಟ್ಟಿತು! ವ್ಯಾಪಾರಿಯ ಎದುರಿಗೇ ನಾನು ನೀರು ಸುರಿದೆ. ಬಿಸಿಲಿಗೆ ಕಲ್ಲು ಒಣಗುತ್ತಾ ಬಂತು... ಒಂದು ಅಂಚಿನಲ್ಲಿ ಮಾತ್ರ ಕಪ್ಪು ಗೆರೆಯೊಂದು ಹಾಗೇ ಉಳಿಯಿತು. ವ್ಯಾಪಾರಿ ತಲೆಯಾಡಿಸಿ ಹಿಂದಕ್ಕೆ ಸರಿದ. ಕಲ್ಲಕ್ಕ ಬಗ್ಗಿ ಆ ಗೆರೆಯನ್ನು ನೋಡಿದರು, ಗೆರೆಯ ತುದಿಗೆ ನಿಂತಿದ್ದ ನಮ್ಮತ್ತೆಯನ್ನು ನೋಡಿದರು. ಬಿಂದಿಗೆ ಬಗ್ಗಿಸಲು ನನಗೆ ಕೈಜೋಡಿಸಿದ್ದ ಅತ್ತೆ, ಅದರಲ್ಲಿ ಒದ್ದೆಯಾದ ಸೆರಗನ್ನು ಕಲ್ಲಿನ ಮೇಲೆ ಬಿಟ್ಟುಕೊಂಡು ಕಣ್ಣುಮುಚ್ಚಿ ಕೈಮುಗಿಯುತ್ತಿದ್ದರು! ತೊಟತೊಟ ಅಲ್ಲಿಂದಲೇ ನೀರು ಇಳಿಯುತ್ತಿತ್ತು. "ಅಮ್ಮಾ, ಸೆರಗು ಎತ್ತಮ್ಮಾ!" ಎಂದರು ಕಲ್ಲಕ್ಕ. ಸೆರಗು ಎತ್ತಿದ ಸ್ವಲ್ಪ ಹೊತ್ತಿಗೆ ಆ ಗೆರೆಯೂ ಆರಿತು.

"ಗೆರೆ ಇಲ್ಲಾ!" ಎಂದು ನಾನು ಕಿರುಚಿದ್ದು ಹಾರೋಹಳ್ಳಿಗೂ ಕೇಳಿರಬೇಕು. "ಎತ್ತು!" ಅಂದರು ಕಲ್ಲಕ್ಕ. ಕೊಕ್ಕೆ ಬಿಗಿಯಿತು, ಕಲ್ಲು ನೆಲ ಬಿಟ್ಟಿತು, ವ್ಯಾಪಾರಿ ಒಪ್ಪಿಕೊಂಡ, ಜನ ಟವೆಲ್ಲು ಬೀಸಿ ಕುಣಿದರು.

ಮೊದಲಿನ ಬ್ಲಾಕನ್ನು ಅವರು ಒಡೆಯಲಿಲ್ಲ. ಲಾರಿಯಲ್ಲಿ ತಂದು ಗೇಟಿನ ಹುಣಸೆ ಮರದ ಕೆಳಗೆ ಇಳಿಸಿದರು. "ಅಮ್ಮಾ, ಇದು ನಿಮ್ಮ ಬ್ಲಾಕು. ಬಸ್ಸು ಬರೋವರೆಗೂ ಕೂತ್ಕೊಳ್ಳಿ. ಎಣ್ಣೆ ಮಾತ್ರ ಇನ್ನು ಬೇಡ, ಸರಿಯಾ?" ಕೂತವರಿದ್ದರೆ ಬಸ್ಸು ನಿಲ್ಲಲೇಬೇಕಲ್ಲ! ಕಲ್ಲಿನ ಪಕ್ಕ ನಾವು ಹೋಟೆಲು ಹಾಕಿದೆವು. ಲಾರಿಗಳು ನಿಂತವು, ಪಂಕ್ಚರ್ ಅಂಗಡಿ ಬಂತು, ರಾಮನಗರದ ಸಾಬರೊಬ್ಬರ ವೆಲ್ಡಿಂಗ್ ಶಾಪು ಬಂತು, ಮೆಡಿಕಲ್ಲು, ಆಮೇಲೆ ಹೈಸ್ಕೂಲು. ಕಂಡಕ್ಟರುಗಳು ನಮ್ಮೂರ ಹೆಸರು ಮರೆತು, "ಕಲ್ಲಕ್ಕನ ಗೇಟ್ ಯಾರ್ರೀ?" ಎಂದು ಕೂಗತೊಡಗಿದರು. ಇವತ್ತು ಇಲ್ಲಿ ಸಂಜೆ ಹೊತ್ತು ಗಾಡಿ ನಿಲ್ಲಿಸಲು ಜಾಗವಿಲ್ಲ.

ಎಲ್ಲವೂ ಒಳ್ಳೆಯದೇ ಆಯಿತೆಂದರೆ ಸುಳ್ಳಾಗುತ್ತದೆ. ಬಂಡೆ ಇದ್ದ ಕಡೆ ಈಗ ದೊಡ್ಡ ಗುಂಡಿ, ಅದರ ತುಂಬ ಹಸಿರು ನೀರು. ರಾಗಿ ಒಣಗಿಸಲು ನಾವು ರಸ್ತೆಗೆ ಬಂದೆವು. ಆ ಧೂಳು ಕೆಲವರ ಎದೆಯಲ್ಲಿ ಕೂತಿತು, ಮೊದಲು ಕೂತದ್ದು ಕಲ್ಲಕ್ಕನ ಎದೆಯಲ್ಲಿ. ಕೆಮ್ಮು ಜಾಸ್ತಿಯಾಗಿ ಮಗಳ ಮನೆಗೆಂದು ಹೊರಟ ದಿನ ಆ ಕಲ್ಲಿನ ಮೇಲೆ ಕೂತೇ ಬಸ್ಸಿಗೆ ಕಾದರು. ಅಷ್ಟು ಹೊತ್ತಿಗೆ ನಮ್ಮತ್ತೆ ಇರಲಿಲ್ಲ. "ಬಂಡೆ ಇಳೀತೀನಿ ಅಂತ ಯಾರಿಗೆ ಹೇಳಲಿ?" ಅಂದರು. ಅವರು ತೀರಿಹೋದ ಸುದ್ದಿ ನಮಗೆ ಮುಟ್ಟಿದಾಗ ಅಲ್ಲಿ ಎಲ್ಲವೂ ಮುಗಿದಿತ್ತು.

ಮೊನ್ನೆ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಗೆ ಬಂದೆ. ಕಲ್ಲಿಗೆ ಹಗ್ಗ ಬಿಗಿದು, ಕ್ರೇನಿನವನು ಕೂತಿದ್ದ. "ಒಂಚೂರು ತಡಿಯಪ್ಪಾ" ಎಂದು ಬಿಂದಿಗೆ ನೀರು ತಂದು ಕಲ್ಲಿನ ಮೇಲೆ ಸುರಿದೆ. ಅಜ್ಜಿಗೆ ಏನಾಯಿತೋ ಎಂದು ಎಲ್ಲರೂ ನೋಡುತ್ತಿದ್ದರು. ಬಿಸಿಲು ಚುರುಕಾಗಿತ್ತು. ಕಲ್ಲು ಒಣಗುತ್ತಾ ಬಂತು. ನಮ್ಮತ್ತೆಯ ಎರಡು ಕೈ ಓಡಾಡಿದ ಕಡೆ ಎಣ್ಣೆಯ ಕಲೆ ಇನ್ನೂ ಮಸುಕಾಗಿ ಇತ್ತು. ಬಿರುಕು ಮಾತ್ರ ಎಲ್ಲೂ ಇರಲಿಲ್ಲ.

"ಗೆರೆ ಇಲ್ಲಾ!" ಎಂದು ಕೂಗಿದೆ. ಕೂಗಿ, ಹಳೆಯ ಅಭ್ಯಾಸದಿಂದ ಕಾದು ನಿಂತೆ.

ಕ್ರೇನಿನವನು ನನ್ನನ್ನೇ ನೋಡುತ್ತಿದ್ದ. ಮುಂದಿನ ಮಾತು ನನ್ನದಲ್ಲ, ಯಾವತ್ತೂ ನಾನು ಆಡಿದವಳಲ್ಲ. ಕೊನೆಗೆ ನಾನೇ ಅಂದೆ.

"ಎತ್ತು."